ನಡುವೆ ಯಾರೂ ಇಲ್ಲದ ಕರೆಂಟು

ಸಿಗರೇಟಿನ ಬಗ್ಗೆ ಬರೆಯುವ ಅಧಿಕಾರ ನನಗಿಲ್ಲ. ಆರು ವರ್ಷ ಹಾಸ್ಟೆಲಿನಲ್ಲಿದ್ದೂ ಒಂದನ್ನೂ ತುಟಿಗೆ ಇಟ್ಟವನಲ್ಲ. ಆದರೆ ಬ್ಯಾಟರಿಯ ಬಗ್ಗೆ ಒಂದಿಷ್ಟು ಹೇಳಬಲ್ಲೆ. ಎಂ.ಟೆಕ್‌ನಲ್ಲಿ ಓದಿದ್ದು ಪವರ್ ಎಲೆಕ್ಟ್ರಾನಿಕ್ಸ್. ಕ್ಯಾಂಪಸ್ ಇಂಟರ್‌ವ್ಯೂ ನನ್ನನ್ನು ಸಾಫ್ಟ್‌ವೇರಿಗೆ ತಂದು ಹಾಕಿತು. ಇಪ್ಪತ್ತು ವರ್ಷದಿಂದ ಪುಣೆಯಲ್ಲಿ ಕೂತು ಬೇರೆಯವರ ಕೆಲಸ ಎಂದು ಮುಗಿಯುತ್ತದೆ ಎಂದು ಲೆಕ್ಕ ಹಾಕುವುದೇ ನನ್ನ ಕೆಲಸವಾಗಿದೆ. ಕಲಿತ ವಿದ್ಯೆ ಮನೆಯ ಇನ್ವರ್ಟರ್ ಕೆಟ್ಟಾಗ ಮಾತ್ರ ನೆನಪಾಗುತ್ತಿತ್ತು. ಹೋದ ವರ್ಷ ಅದು ಬೇರೆ ಕಾರಣಕ್ಕೆ ಬೇಕಾಯಿತು.

ಕಾರಣ ಅಕ್ಕನ ಮಗ. ಮನೆಯಲ್ಲಿ ನಾವು ಅವನನ್ನು ಪಮ್ಯಾ ಎನ್ನುತ್ತೇವೆ. ಹುಬ್ಬಳ್ಳಿಯಲ್ಲಿ ಪಿಯುಸಿ ಮುಗಿಸಿ ಇಲ್ಲಿ ಎಂಜಿನಿಯರಿಂಗ್ ಸೇರಿದ. ಎರಡು ವಾರಕ್ಕೊಮ್ಮೆ ಭಾನುವಾರ ನಮ್ಮ ಮನೆಗೆ ಬಂದು ರೊಟ್ಟಿ ಊಟ ಮಾಡಿ, ಬಟ್ಟೆ ಒಗೆಯಲು ಹಾಕಿ, ಸಂಜೆ ಹೊರಡುತ್ತಾನೆ. ಅಂಥ ಒಂದು ಭಾನುವಾರ ಅವನ ಜೀನ್ಸ್ ಜೇಬಿನಿಂದ ಹಿತ್ತಾಳೆಯ ಒಂದು ಕೊಳವೆ ಹೊರಬಂತು. ನನ್ನ ಹೆಂಡತಿ ಮೈಸೂರಿನವಳು. ಅದನ್ನು ಕೈಯಲ್ಲಿ ಹಿಡಿದು, "ಏನ್ರೀ ಇದು, ಟಾರ್ಚಾ?" ಎಂದಳು.

ಅವಳ ಊಹೆ ಅರ್ಧ ಸರಿ. ನಮ್ಮ ಕಡೆ ಟಾರ್ಚಿಗೇ "ಬ್ಯಾಟರಿ" ಎನ್ನುವುದು ರೂಢಿ. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವಾಗ "ಬ್ಯಾಟರಿ ತಗೋ" ಎನ್ನುತ್ತಾರೆ. ಪಮ್ಯಾನ ಕೊಳವೆಯೂ ಒಳಗೆ ಹಾಗೇ ಇತ್ತು. ಒಂದು ಸೆಲ್ಲು, ಕೆಳಗೊಂದು ಒತ್ತುವ ಗುಂಡಿ, ಮೇಲೆ ಬಲ್ಬಿನ ಬದಲು ತಂತಿಯ ಸುರುಳಿ. ಸುರುಳಿಯ ನಡುವೆ ಹತ್ತಿ, ಹತ್ತಿಯಲ್ಲಿ ನಿಕೋಟಿನ್ ಬೆರೆಸಿದ ದ್ರವ. ಗುಂಡಿ ಒತ್ತಿದರೆ ತಂತಿ ಕಾದು ದ್ರವ ಆವಿಯಾಗುತ್ತದೆ. ಅದನ್ನು ಎಳೆದುಕೊಳ್ಳಬೇಕು. ಸೇದುವವರ ಭಾಷೆಯಲ್ಲಿ ಇದು "ಮೆಕ್ ಮಾಡ್", ಅಂದರೆ ಮೆಕ್ಯಾನಿಕಲ್ ಮಾಡ್. ಇಂದು ನಾವು ನೋಡುವ ಇ-ಸಿಗರೇಟಿಗೆ 2003ರ ಸುಮಾರಿಗೆ ರೂಪ ಕೊಟ್ಟವರು ಚೀನಾದ ಔಷಧ ತಜ್ಞ ಹಾನ್ ಲಿಕ್. ಮೊದಲ ಮಾದರಿಗಳು ಸಿಗರೇಟಿನಷ್ಟೇ ಸಣ್ಣವು, ಅವುಗಳ ಬ್ಯಾಟರಿಯೂ ಸಣ್ಣದು. ಅದರ ಶಕ್ತಿ ಸಾಲದೆ ಹವ್ಯಾಸಿಗಳು ನಿಜವಾಗಿಯೂ ಟಾರ್ಚಿನ ಕೊಳವೆಗಳನ್ನೇ ತಂದು ತಿದ್ದಿ ಬಳಸಿದರು. "ಮಾಡ್" ಎಂಬ ಹೆಸರು ಬಂದದ್ದು ಆ ತಿದ್ದುಪಡಿಯಿಂದ.

ಅವನು ಬೈಗುಳ ನಿರೀಕ್ಷಿಸಿದ್ದ. ನಾನು ಕೊಳವೆ ಬಿಚ್ಚಿ ನೋಡತೊಡಗಿದ್ದು ಕಂಡು ಅವನಿಗೆ ಧೈರ್ಯ ಬಂತು.

"ಮಾಮಾ, ಇದರಾಗ ಸರ್ಕ್ಯೂಟೇ ಇಲ್ರಿ. ಕೆಡೂದಕ್ಕ ಏನೂ ಇಲ್ಲ" ಅಂದ.

"ಹೌದೋ, ತಡಿಯೂದಕ್ಕೂ ಏನೂ ಇಲ್ಲ" ಅಂದೆ.

ಮುಂದಿನ ಎರಡು ತಿಂಗಳು ನಮ್ಮಿಬ್ಬರ ನಡುವೆ ನಡೆದ ಜಗಳ, ಚರ್ಚೆ, ಲೆಕ್ಕ ಎಲ್ಲವೂ ಈ ಎರಡು ಮಾತುಗಳ ಸುತ್ತಲೇ ಸುತ್ತಿದವು.

ಮೊದಲು ಲೆಕ್ಕ. ಹತ್ತನೆಯ ತರಗತಿಯ ಓಮ್‌ನ ನಿಯಮ ಸಾಕು: ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟು. ಇಂಥ ಕೊಳವೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 18650 ಎಂಬ ಲಿಥಿಯಂ ಅಯಾನ್ ಸೆಲ್ಲು. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಲ್ಯಾಪ್‌ಟಾಪ್ ಬ್ಯಾಟರಿಗಳಲ್ಲಿ, ಪವರ್ ಬ್ಯಾಂಕುಗಳಲ್ಲಿ ಇರುವ ಅದೇ ಗಾತ್ರದ್ದು. ಪೂರ್ತಿ ಚಾರ್ಜ್ ಆದಾಗ ಅದರ ವೋಲ್ಟೇಜು 4.2. ಸುರುಳಿಯ ರೋಧ 0.5 ಓಮ್ ಇದ್ದರೆ ಹರಿಯುವ ಕರೆಂಟು 8.4 ಆಂಪಿಯರ್, ಶಕ್ತಿ ಸುಮಾರು 35 ವ್ಯಾಟ್. ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಕಡ್ಡಿಗಿಂತ ಸ್ವಲ್ಪ ಹೆಚ್ಚು. ಒಳ್ಳೆಯ ಸೆಲ್ಲಿಗೆ ಇದು ಭಾರವಲ್ಲ. ಆದರೆ ಪಮ್ಯಾ ಸುತ್ತಿದ ಸುರುಳಿ 0.15 ಓಮಿನದು. ದಟ್ಟ ಹೊಗೆ ಬರಬೇಕೆಂದರೆ ರೋಧ ಇಳಿಸಬೇಕು. 4.2ನ್ನು 0.15ರಿಂದ ಭಾಗಿಸಿದರೆ 28 ಆಂಪಿಯರ್, ಹತ್ತಿರ ಹತ್ತಿರ 118 ವ್ಯಾಟ್. ಬಚ್ಚಲುಮನೆಯ ಎರಡು ಕಿಲೋವ್ಯಾಟ್ ಗೀಸರು ಎಳೆಯುವುದು ಒಂಬತ್ತು ಆಂಪಿಯರಿನಷ್ಟು. ಅದರ ವೋಲ್ಟೇಜು ಬೇರೆ, ನಿಜ. ಆದರೆ ಕರೆಂಟಿನ ಬಿಸಿಯನ್ನು ತಾಳಬೇಕಾದ ಸೆಲ್ಲಿಗೆ ಲೆಕ್ಕ ಆಂಪಿಯರಿನದೇ. ಹೆಚ್ಚು ಕರೆಂಟು ಕೊಡಬಲ್ಲವೆಂದು ಹೆಸರಾದ 18650 ಸೆಲ್ಲುಗಳಲ್ಲೂ ಹಲವು ನಿರಂತರವಾಗಿ ತಾಳಬಲ್ಲದ್ದು 20ರಿಂದ 25 ಆಂಪಿಯರ್. ಅವನದರ ಹೊದಿಕೆಯ ಮೇಲೆ 40 ಎಂದು ಮುದ್ರಿಸಿತ್ತು. ಬೇರೆ ಕಾರ್ಖಾನೆಯ ಸೆಲ್ಲಿಗೆ ತಮ್ಮ ಹೊದಿಕೆ ಸುತ್ತಿ, ಬೇಕಾದ ಸಂಖ್ಯೆ ಹಾಕಿ ಮಾರುವವರು ಈ ವ್ಯಾಪಾರದಲ್ಲಿ ಬೇಕಾದಷ್ಟಿದ್ದಾರೆ. ಹೊದಿಕೆ ಓದಲು ಇರುವುದು, ನಂಬಲು ಅಲ್ಲ ಎಂದು ಹವ್ಯಾಸಿಗಳೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಆ 0.15 ಎಲ್ಲಿಂದ ಬಂತು ಎಂದು ಕೇಳಿದೆ. ಹಾಸ್ಟೆಲಿನ ಗೆಳೆಯನ ಮೀಟರಿನಲ್ಲಿ ನೋಡಿದ್ದನಂತೆ. ನನ್ನ ಹಳೆಯ ಮಲ್ಟಿಮೀಟರ್ ತಂದು, ಸುರುಳಿಗೆ ಮುಟ್ಟಿಸದೆ, ಅದರ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ತಾಗಿಸಿದೆ. 0.3 ಎಂದು ತೋರಿಸಿತು. ಮೀಟರಿನ ವೈರುಗಳ ರೋಧವೇ ಅವನ ಸುರುಳಿಯ ಎರಡರಷ್ಟು. ಇಷ್ಟು ಸಣ್ಣ ರೋಧ ಅಳೆಯಲು ಬೇರೆಯದೇ ಸಲಕರಣೆ ಬೇಕು. ಅಂದರೆ ಯಾವ ಒಂದು ಸಂಖ್ಯೆಯ ಮೇಲೆ ಅವನ ಬಾಯಿ, ಬೆರಳು, ಕಣ್ಣು ನಿಂತಿವೆಯೋ ಆ ಸಂಖ್ಯೆಯನ್ನು ಮನೆಯ ಮೀಟರಿನಲ್ಲಿ ನೋಡುವಂತೆಯೇ ಇಲ್ಲ. ಅದು 0.15 ಇದ್ದರೆ 28 ಆಂಪಿಯರ್. 0.10 ಇದ್ದರೆ 42. ಸುರುಳಿಯ ಎರಡು ಸುತ್ತು ಒಂದಕ್ಕೊಂದು ತಾಗಿದರೆ ಸಾಕು ಸಂಖ್ಯೆ ಬದಲಾಗಲು.

ಆಮೇಲೆ ಸೆಲ್ಲಿನ ಹೊದಿಕೆ ತೋರಿಸಿದೆ. ಮೇಲಂಚಿನಲ್ಲಿ ಅಕ್ಕಿಕಾಳಿನಷ್ಟು ಹರಿದಿತ್ತು. ಇದು ಬಹಳ ಜನಕ್ಕೆ ಗೊತ್ತಿರದ ಸಂಗತಿ, ಗೊತ್ತಿರಬೇಕಾದದ್ದು ಕೂಡ. ಇಂಥ ಸೆಲ್ಲಿನ ತಳ ಮಾತ್ರ ಋಣ ತುದಿಯಲ್ಲ. ಸುತ್ತಲಿನ ಇಡೀ ಲೋಹದ ಡಬ್ಬಿಯೇ ಋಣ, ಅದು ಮೇಲಿನ ಧನ ತುದಿಯ ಅಂಚಿನವರೆಗೂ ಬಂದು ನಿಂತಿರುತ್ತದೆ. ಎರಡನ್ನೂ ಹೊರಗಿನಿಂದ ಬೇರೆಯಾಗಿಟ್ಟಿರುವುದು ಆ ತೆಳು ಪ್ಲಾಸ್ಟಿಕ್ ಹೊದಿಕೆ ಮತ್ತು ಮೇಲಿನ ಒಂದು ಸಣ್ಣ ಉಂಗುರ. ಅದು ಹರಿದ ಸೆಲ್ಲನ್ನು ಹಿತ್ತಾಳೆಯ ಕೊಳವೆಗೆ ತುರುಕಿದರೆ ಗುಂಡಿ ಒತ್ತುವ ಮೊದಲೇ ಎರಡು ತುದಿಗಳು ಕೂಡುವ ಸಾಧ್ಯತೆ ಇರುತ್ತದೆ. ಹಾಗೆ ಕೂಡಿದರೆ ಸೆಲ್ಲು ತನ್ನಲ್ಲಿರುವುದನ್ನೆಲ್ಲ ಒಮ್ಮೆಗೇ ಬಿಡುತ್ತದೆ. ಒಂದು ಹಂತ ದಾಟಿದ ಮೇಲೆ ಒಳಗಿನ ರಾಸಾಯನಿಕ ಕ್ರಿಯೆಯೇ ಬಿಸಿ ಹುಟ್ಟಿಸುತ್ತದೆ, ಆ ಬಿಸಿ ಕ್ರಿಯೆಯನ್ನು ಇನ್ನೂ ಜೋರಾಗಿಸುತ್ತದೆ. ಥರ್ಮಲ್ ರನ್‌ಅವೇ ಎಂದರೆ ಇದೇ. ಆಗ ಗುಂಡಿಯಿಂದ ಬೆರಳು ತೆಗೆದರೂ ಪ್ರಯೋಜನವಿಲ್ಲ. ಬಿಗಿಯಾಗಿ ತಿರುಪು ಹಾಕಿದ ಕೊಳವೆಯಲ್ಲಿ ಆ ಅನಿಲಕ್ಕೆ ದಾರಿ ಸಿಗದಿದ್ದರೆ ಅದು ಪಟಾಕಿಯ ಕೊಳವೆಯಂತೆ ತುದಿಯಿಂದ ಹಾರುತ್ತದೆ. ತುದಿ ಇರುವುದು ಬಾಯಿಯ ಹತ್ತಿರ.

ಇದು ಹೆದರಿಸುವ ಮಾತಲ್ಲ. 2018ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಬ್ಬರು, 2019ರ ಜನವರಿಯಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಇನ್ನೊಬ್ಬರು ಹೀಗೆ ಸಿಡಿದ ಸಾಧನದ ಚೂರು ಹೊಕ್ಕು ಸತ್ತರು. ವರದಿಗಳ ಪ್ರಕಾರ ಎರಡೂ ಪಮ್ಯಾನದರಂಥ, ನಿಯಂತ್ರಣವಿಲ್ಲದ ಸಾಧನಗಳು.

ನಿಯಂತ್ರಣ ಇರುವ ಸಾಧನದಲ್ಲಿ ಸೆಲ್ಲು ಮತ್ತು ಸುರುಳಿಯ ನಡುವೆ ಒಂದು ಚಿಪ್ಪು ಕೂತಿರುತ್ತದೆ. ಅಮೆರಿಕದ ಇವಾಲ್ವ್ ಎಂಬ ಸಂಸ್ಥೆ ಡಾರ್ವಿನ್ ಎಂಬ ಸಾಧನ ತಂದಾಗ ಇಷ್ಟು ವ್ಯಾಟ್ ಬೇಕು ಎಂದು ಬಳಸುವವನೇ ಹೇಳುವ ಪದ್ಧತಿ ಬಂತು. ಚಿಪ್ಪು ಮೊದಲು ಸುರುಳಿಯ ರೋಧ ಅಳೆಯುತ್ತದೆ. ಆಮೇಲೆ ಬೇಕಾದ ವ್ಯಾಟಿಗೆ ಎಷ್ಟು ವೋಲ್ಟೇಜು ಬೇಕೋ ಅಷ್ಟಕ್ಕೆ ಸೆಲ್ಲಿನ ವೋಲ್ಟೇಜನ್ನು ಏರಿಸಿ ಅಥವಾ ಇಳಿಸಿ ಕೊಡುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ತೆರೆದು ಮುಚ್ಚುವ ಸ್ವಿಚ್ಚು, ಒಂದು ಇಂಡಕ್ಟರು, ಒಂದು ಕೆಪಾಸಿಟರು: ನಾನು ಎರಡು ವರ್ಷ ಓದಿದ ವಿದ್ಯೆ ಹೆಬ್ಬೆರಳಿನಷ್ಟು ಬೋರ್ಡಿನಲ್ಲಿ ಇದೆ. 2014ರಲ್ಲಿ ಅದೇ ಸಂಸ್ಥೆಯ ಡಿಎನ್‌ಎ 40 ಎಂಬ ಚಿಪ್ಪು ಬಿಸಿಯನ್ನೂ ಅಳೆಯತೊಡಗಿತು. ಉಪಾಯ ಸರಳವಾಗಿದೆ. ನಿಕ್ಕಲ್ ತಂತಿಯ ರೋಧ ಬಿಸಿಯಾದಂತೆ ಏರುತ್ತದೆ. ರೋಧ ನೋಡಿದರೆ ಬಿಸಿ ಎಷ್ಟೆಂದು ಗೊತ್ತಾಗುತ್ತದೆ. ಹತ್ತಿಯಲ್ಲಿ ದ್ರವ ಮುಗಿದು ತಂತಿ ಒಣಗಿ ಕಾಯತೊಡಗಿದರೆ ಚಿಪ್ಪು ಶಕ್ತಿಯನ್ನು ಇಳಿಸುತ್ತದೆ.

ಈ ಬಿಸಿಯ ಮಾತು ಬ್ಯಾಟರಿಗಷ್ಟೇ ಸಂಬಂಧಿಸಿದ್ದಲ್ಲ. 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಪತ್ರ ಸದ್ದು ಮಾಡಿತ್ತು. ಒಂದೇ ಸಾಧನವನ್ನು 3.3 ವೋಲ್ಟಿನಲ್ಲಿ ನಡೆಸಿದಾಗ ಕಾಣದ ಫಾರ್ಮಾಲ್ಡಿಹೈಡ್ ಸಂಬಂಧಿ ವಸ್ತುಗಳು 5 ವೋಲ್ಟಿನಲ್ಲಿ ಕಂಡವು. 5 ವೋಲ್ಟಿನಲ್ಲಿ ಯಾರೂ ಸೇದಲಾಗದಂಥ ಕಹಿ ಬರುತ್ತದೆ, ಹಾಗಾಗಿ ಆ ಪ್ರಯೋಗ ನಿಜ ಬಳಕೆಯನ್ನು ಹೋಲುವುದಿಲ್ಲ ಎಂದು ಬೇರೆ ಸಂಶೋಧಕರು ಆಕ್ಷೇಪಿಸಿದರು. ಆ ವಾದ ಏನೇ ಇರಲಿ, ದ್ರವ ಅದೇ ಇದ್ದರೂ ಎಷ್ಟು ಶಕ್ತಿ ಹರಿಸುತ್ತೀರಿ ಎಂಬುದರ ಮೇಲೆ ಒಳಗೆ ಹೋಗುವ ವಸ್ತು ಬದಲಾಗುತ್ತದೆ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ನಿಕೋಟಿನ್ ಪ್ರಮಾಣವೂ ಅಷ್ಟೆ. ಹೆಚ್ಚು ಶಕ್ತಿ, ಹೆಚ್ಚು ಆವಿ, ಹೆಚ್ಚು ನಿಕೋಟಿನ್.

ಪಮ್ಯಾ ಇದನ್ನೆಲ್ಲ ಕೇಳಿ ಸುಮ್ಮನಾಗುವ ಹುಡುಗನಲ್ಲ. ಮುಂದಿನ ಭಾನುವಾರ ಓದಿಕೊಂಡು ಬಂದ. ಅಮೆರಿಕದ ಅಗ್ನಿಶಾಮಕ ಆಡಳಿತ 2017ರಲ್ಲಿ ಹೊರತಂದ ವರದಿಯನ್ನು ಫೋನಿನಲ್ಲಿ ತೋರಿಸಿದ. 2009ರಿಂದ 2016ರ ವರೆಗೆ ಅವರು ಪಟ್ಟಿ ಮಾಡಿದ ಬೆಂಕಿ, ಸಿಡಿತಗಳು 195. ಗಾಯಗೊಂಡವರು 133, ಅವರಲ್ಲಿ 38 ಜನರ ಗಾಯ ತೀವ್ರ. "ನೋಡ್ರಿ ಮಾಮಾ, ಇದರಾಗ 61 ಕಿಸೇದಾಗ ಆಗಿದ್ದು. ಕಿಸೇದಾಗ ಬರೇ ಸೆಲ್ಲು, ಕೀಲಿ, ಚಿಲ್ಲರೆ. ಅದಕ್ಕ ಮೆಕ್ ಮಾಡ್ ಏನು ಮಾಡೀತು?" ಅಂದ. ಚಿಪ್ಪು ಇರುವ ಸಾಧನವೂ ಚಾರ್ಜಿಗೆ ಇಟ್ಟಾಗ ಸಿಡಿದಿದೆ, ಸ್ವಿಚ್ಚು ಸುಟ್ಟು ತಾನಾಗಿಯೇ ಹೊತ್ತಿಕೊಂಡಿದೆ ಎಂದ. ಅವನ ಮಾತಿನಲ್ಲಿ ಹುರುಳಿತ್ತು. ಕೊನೆಗೆ ಅವನು ಹೇಳಿದ ಒಂದು ಮಾತು ನನ್ನನ್ನು ಹಲವು ದಿನ ಕಾಡಿತು.

"ನನ್ನ ಕೊಳವಿ ಖರೇ ಹೇಳತೈತ್ರಿ. ಸೆಲ್ಲು ದಣದ್ರ ಹೊಗೀನೂ ಕಡಿಮಿ ಆಗತೈತಿ, ನನಗ ಗೊತ್ತಾಗತೈತಿ. ಚಿಪ್ಪಿಂದು ಕಡೀತನಕ ಸುಳ್ಳ ಹೇಳತೈತಿ."

ಲೆಕ್ಕ ಹಾಕಿ ನೋಡಿದೆ. ಅವನು ಹೇಳಿದ್ದು ನಿಜ. ಚಿಪ್ಪಿಲ್ಲದ ಕೊಳವೆಯಲ್ಲಿ ಸೆಲ್ಲಿನ ವೋಲ್ಟೇಜು 4.2ರಿಂದ 3.5ಕ್ಕೆ ಇಳಿದರೆ, 0.5 ಓಮಿನ ಸುರುಳಿಯ ಕರೆಂಟು 8.4ರಿಂದ 7ಕ್ಕೆ ಇಳಿಯುತ್ತದೆ, ಶಕ್ತಿ 35ರಿಂದ 24.5 ವ್ಯಾಟಿಗೆ. ಸೆಲ್ಲು ದಣಿದಂತೆ ಭಾರವೂ ಇಳಿಯುತ್ತದೆ. ಚಿಪ್ಪಿರುವ ಸಾಧನದಲ್ಲಿ ಇದು ಉಲ್ಟಾ. ಅದು ಬಳಸುವವನಿಗೆ 60 ವ್ಯಾಟ್ ಎಂದು ಮಾತು ಕೊಟ್ಟಿದೆ. ಸೆಲ್ಲು 4.2 ವೋಲ್ಟಿನಲ್ಲಿದ್ದಾಗ ಅದರಿಂದ 14.3 ಆಂಪಿಯರ್ ಎಳೆದರೆ ಸಾಕು. 3.2ಕ್ಕೆ ಬಂದಾಗ ಅದೇ 60 ವ್ಯಾಟಿಗೆ 18.8 ಆಂಪಿಯರ್ ಬೇಕು. ಚಿಪ್ಪಿನಲ್ಲೇ ಬಿಸಿಯಾಗಿ ಹೋಗುವ ನಷ್ಟ ಸೇರಿದರೆ 20 ದಾಟುತ್ತದೆ. ಸೆಲ್ಲು ಅತ್ಯಂತ ಸೋತ ಹೊತ್ತಿನಲ್ಲಿ ಅದರ ಮೇಲೆ ಅತ್ಯಂತ ಹೆಚ್ಚು ಭಾರ. ಸೇದುವವನ ಬಾಯಿಗೆ ಮಾತ್ರ ವ್ಯತ್ಯಾಸವೇ ತಿಳಿಯುವುದಿಲ್ಲ.

ಇದನ್ನು ನಾನು ಕಾಲೇಜಿಗಿಂತ ಮೊದಲೇ, ರಾಣೆಬೆನ್ನೂರಿನ ಹತ್ತಿರದ ನಮ್ಮ ಹೊಲದಲ್ಲಿ ನೋಡಿದ್ದೆ. ತೊಂಬತ್ತರ ದಶಕದ ಆರಂಭ. ಬೋರಿಗೆ ಐದು ಎಚ್‌ಪಿ ಮೋಟಾರು. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೇ ಪಂಪ್‌ಸೆಟ್ ಹಚ್ಚಿದಾಗ ವೋಲ್ಟೇಜು ಕುಸಿಯುತ್ತಿತ್ತು. ವೋಲ್ಟೇಜು ಕಡಿಮೆಯಾದರೆ ಮೋಟಾರು ಮೆಲ್ಲಗೆ, ತಣ್ಣಗೆ ಓಡಬೇಕಲ್ಲ ಎಂದು ಹುಡುಗನಾಗಿದ್ದ ನನಗೆ ಅನ್ನಿಸುತ್ತಿತ್ತು. ಆದರೆ ಸುಡುತ್ತಿದ್ದದ್ದು ಅಂಥ ದಿನಗಳಲ್ಲೇ. ನೀರೆತ್ತುವ ಕೆಲಸ ಕಡಿಮೆಯಾಗಿಲ್ಲ. ವೋಲ್ಟೇಜಿನ ಕೊರತೆಯನ್ನು ಮೋಟಾರು ಕರೆಂಟಿನಲ್ಲಿ ತುಂಬಿಕೊಳ್ಳುತ್ತದೆ, ಆ ಕರೆಂಟಿಗೆ ವೈಂಡಿಂಗು ಕಾಯುತ್ತದೆ. ಸುಡುವ ಮೊದಲು ಫ್ಯೂಜು ಹೋಗಬೇಕು. ಫ್ಯೂಜು ಹೋದರೆ ಯಾರಾದರೂ ರಾತ್ರಿ ಎದ್ದು ಹೊಲಕ್ಕೆ ಹೋಗಬೇಕು. ಆ ತೊಂದರೆ ಬೇಡವೆಂದು ಸುತ್ತಲಿನ ಎಷ್ಟೋ ಜನ ಫ್ಯೂಜಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿಬಿಡುತ್ತಿದ್ದರು. ನಮ್ಮಪ್ಪ ಮಾತ್ರ ಅದಕ್ಕೆ ಒಪ್ಪುತ್ತಿರಲಿಲ್ಲ. "ಫ್ಯೂಜು ಹೋದ್ರ ಎಂಟಾಣೆ ಹೋಗತೈತಿ. ಮೋಟಾರು ಹೋದ್ರ ಪೀಕ ಹೋಗತೈತಿ" ಎನ್ನುತ್ತಿದ್ದರು. ಓಮ್‌ನ ಹೆಸರು ಅವರಿಗೆ ಗೊತ್ತಿರಲಿಲ್ಲ.

ಪಮ್ಯಾನಿಗೆ ನಾನು ಕೊಟ್ಟ ಉತ್ತರ ಅವನ ಅಜ್ಜನದೇ. ಚಿಪ್ಪು ಒಂದೇ ಸಮನೆ ಶಕ್ತಿ ಕೊಡುತ್ತದೆ ಎಂಬುದು ಅದರ ದೊಡ್ಡಸ್ತಿಕೆ ಅಲ್ಲ. ಆ ವಿಷಯದಲ್ಲಿ ನೀನು ಹೇಳಿದ್ದು ಸರಿ, ಅದು ದಣಿವನ್ನು ಮುಚ್ಚಿಡುತ್ತದೆ. ಅದರ ಬೆಲೆ ಇರುವುದು "ಇಲ್ಲ" ಎನ್ನುವುದರಲ್ಲಿ. ರೋಧ ತೀರಾ ಕಡಿಮೆಯಿದ್ದರೆ ಹೊತ್ತಿಕೊಳ್ಳುವುದಿಲ್ಲ. ಶಾರ್ಟ್ ಇದ್ದರೆ ಹೊತ್ತಿಕೊಳ್ಳುವುದಿಲ್ಲ. ಸೆಲ್ಲನ್ನು ಉಲ್ಟಾ ಹಾಕಿದರೆ ಹೊತ್ತಿಕೊಳ್ಳುವುದಿಲ್ಲ. ಗುಂಡಿ ಜೇಬಿನಲ್ಲಿ ಒತ್ತಿಕೊಂಡೇ ಇದ್ದರೆ ಸಾಮಾನ್ಯವಾಗಿ ಹತ್ತು ಸೆಕೆಂಡಿಗೆ ತಾನೇ ಆರುತ್ತದೆ. ಸೆಲ್ಲಿನ ವೋಲ್ಟೇಜು ಒಂದು ಗೆರೆಗಿಂತ ಕೆಳಗೆ ಬಂದರೆ, ನೀನು ಎಷ್ಟೇ ಒತ್ತಿದರೂ, ಇನ್ನು ಸಾಕು ಎನ್ನುತ್ತದೆ. ಆ ಗೆರೆ ಇಲ್ಲದೆ ಬರೀ ಒಂದೇ ಸಮನೆ ಶಕ್ತಿ ಕೊಡುವ ಚಿಪ್ಪನ್ನು ಮಾಡಿದರೆ ಅದು ನಿನ್ನ ಕೊಳವೆಗಿಂತಲೂ ಅಪಾಯಕಾರಿ. ನಿನ್ನ ಕೊಳವೆಯಲ್ಲಿ "ಇಲ್ಲ" ಎನ್ನಬೇಕಾದವನು ನೀನೊಬ್ಬನೇ. ರಾತ್ರಿ ಎರಡು ಗಂಟೆಗೆ ಸಬ್‌ಮಿಶನ್ ಮುಂದಿಟ್ಟುಕೊಂಡು ಕೂತಾಗ, ಸೆಲ್ಲಿನ ಹೊದಿಕೆ ಹರಿದಿದೆಯೇ ಎಂದು ನೋಡುವವನು ನೀನೇನು?

ಅವನು ಉತ್ತರ ಕೊಡಲಿಲ್ಲ. ಹರಿದ ಸೆಲ್ಲನ್ನು ಅಂದೇ ಬದಿಗಿಟ್ಟ. ಇ-ತ್ಯಾಜ್ಯ ಸಂಗ್ರಹಕ್ಕೆ ಹಾಕುವ ತನಕ ಅದರ ಎರಡು ತುದಿಗೂ ಟೇಪು ಸುತ್ತಿ ಇಡಲು ಹೇಳಿದೆ. ಕೊಳವೆಯನ್ನು ಬಿಡಲು ಇನ್ನೂ ಒಂದು ತಿಂಗಳು ಬೇಕಾಯಿತು.

ಇಷ್ಟಾದ ಮೇಲೆ ಒಂದು ಕಹಿ ವಿಷಯ. ಅವನು ಕೊಳವೆಯ ಬದಲು ಚಿಪ್ಪಿರುವ ಸಾಧನ ತಂದ. ಎಲ್ಲಿಂದ ಎಂದು ಕೇಳಿದೆ. ಕೊಳವೆ ಎಲ್ಲಿಂದ ಬಂತೋ ಅಲ್ಲಿಂದಲೇ, ಫೋನಿನಲ್ಲಿ ಹೇಳಿದರೆ ಹಾಸ್ಟೆಲಿನ ಗೇಟಿಗೆ ತಂದುಕೊಡುವವನಿಂದ. ನಮ್ಮ ದೇಶದಲ್ಲಿ ಇದರ ಮಾರಾಟವೇ ನಿಷಿದ್ಧ. ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದಿತು, ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ದಾಸ್ತಾನಿಗೆ ಆರು ತಿಂಗಳವರೆಗೆ ಜೈಲು ಅಥವಾ ಐವತ್ತು ಸಾವಿರದವರೆಗೆ ದಂಡ ಅಥವಾ ಎರಡೂ.

ನಿಷೇಧ ತಪ್ಪು ಎಂದು ವಾದಿಸಲು ನಾನು ಕೂತಿಲ್ಲ. ಶಾಲೆಯ ಮಕ್ಕಳ ಕೈಗೆ ಮಾವಿನಹಣ್ಣಿನ ವಾಸನೆಯ ನಿಕೋಟಿನ್ ಸಿಗಬಾರದು ಎಂಬ ಕಾಳಜಿ ನನ್ನದೂ ಹೌದು. ನನಗೂ ಒಂಬತ್ತನೆಯ ತರಗತಿಯ ಮಗಳಿದ್ದಾಳೆ. ಆದರೆ ಎಂಜಿನಿಯರನಾಗಿ ಒಂದು ವ್ಯತ್ಯಾಸ ಕಾಣುತ್ತದೆ. ಯುರೋಪಿನ ತಂಬಾಕು ನಿರ್ದೇಶನ 2016ರಿಂದ ಇ-ಸಿಗರೇಟಿನ ದ್ರವದಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಬಾರದು, ತೊಟ್ಟಿ 2 ಮಿಲಿಲೀಟರ್ ಮೀರಬಾರದು ಎನ್ನುತ್ತದೆ. ಮಾಮೂಲಿ ಬಳಕೆಯಲ್ಲಿ ಸಾಧನ ಪ್ರತಿ ಸಲವೂ ಒಂದೇ ಮಟ್ಟದ ನಿಕೋಟಿನ್ ಕೊಡಬೇಕು ಎಂದೂ ಅದರಲ್ಲಿದೆ. ಆ ಒಂದು ಸಾಲಿನ ಹಿಂದೆ ವೋಲ್ಟೇಜು ಇಳಿದರೂ ಶಕ್ತಿ ಇಳಿಯದಂತೆ ನೋಡುವ ಪವರ್ ಎಲೆಕ್ಟ್ರಾನಿಕ್ಸ್ ಇದೆ. ನಮ್ಮಲ್ಲೂ ಇಂಥದ್ದು ಆಗುವುದಿಲ್ಲ ಎಂದಲ್ಲ. 2022ರಲ್ಲಿ ವಿದ್ಯುತ್ ಸ್ಕೂಟರುಗಳು ಬೀದಿಯಲ್ಲಿ ಹೊತ್ತಿ ಉರಿದ ಮೇಲೆ ಬ್ಯಾಟರಿಗಳ ಸುರಕ್ಷತೆಯ ಎಐಎಸ್ 156 ಮಾನದಂಡವನ್ನು ಬಿಗಿಗೊಳಿಸಲಾಯಿತು. ಸೆಲ್ಲು ಒಂದೇ ಜಾತಿಯದು. ಸ್ಕೂಟರಿನ ಕೆಳಗಿದ್ದರೆ ಅದಕ್ಕೆ ಪರೀಕ್ಷೆ ಇದೆ, ಹಾಸ್ಟೆಲಿನ ಗೇಟಿನಲ್ಲಿ ಕೈ ಬದಲಾಯಿಸಿದರೆ ಇಲ್ಲ. ನಿಷೇಧವಾದ ವಸ್ತುವನ್ನು ಯಾರೂ ಪರೀಕ್ಷಿಸುವುದಿಲ್ಲ, ಪರೀಕ್ಷಿಸುವಂತೆಯೂ ಇಲ್ಲ. ಕಳ್ಳದಾರಿಯ ಸರಕು ಏನು ಮಾಡಬಲ್ಲದು ಎಂಬುದನ್ನು ಅಮೆರಿಕ 2019ರಲ್ಲಿ ಕಂಡಿತು. ಶ್ವಾಸಕೋಶ ಕೆಟ್ಟು 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 2020ರ ಫೆಬ್ರವರಿಯ ಹೊತ್ತಿಗೆ 68 ಜನ ಸತ್ತಿದ್ದರು. ಬಹುಪಾಲು ಪ್ರಕರಣಗಳ ಹಿಂದೆ ಇದ್ದದ್ದು ಅನಧಿಕೃತವಾಗಿ ಬಂದ, ಗಾಂಜಾದ ಅಂಶವಿದ್ದ ದ್ರವಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್.

ಹೀಗಾಗಿ ಪಮ್ಯಾನ ಹೊಸ ಸಾಧನವನ್ನು ನಾನು ಗೆಲುವೆಂದು ಎಣಿಸಲಿಲ್ಲ. ಅದರೊಳಗಿನ ಚಿಪ್ಪು ಪೆಟ್ಟಿಗೆಯ ಮೇಲೆ ಬರೆದಂತೆಯೇ ಕೆಲಸ ಮಾಡುತ್ತದೆ ಎಂಬುದಕ್ಕೆ ಪೆಟ್ಟಿಗೆಯ ಮಾತೇ ಸಾಕ್ಷಿ. ಚಿಪ್ಪು ಚೆನ್ನಾಗಿದ್ದರೂ ಅದು ತಡೆಯುವುದು ಸ್ಫೋಟವನ್ನು, ಚಟವನ್ನಲ್ಲ. ಮೊದಲ ವರ್ಷ ಕಾಲೇಜಿನ ಎದುರಿನ ಚಹಾ ಟಪರಿಯಲ್ಲಿ ಅವನು ಸಿಗರೇಟು ಹಿಡಿದ. ಅದನ್ನು ಬಿಡಬೇಕೆಂದೇ ಇದಕ್ಕೆ ಬಂದ. ಈಗ ಅದೂ ಇದೆ, ಇದೂ ಇದೆ. ಸಿಗರೇಟು ಕಾನೂನಿಗೆ ಒಪ್ಪಿಗೆಯಾದದ್ದು, ಇದು ಅಲ್ಲ ಎಂದು ಅವನಿಗೆ ನಗು. ನನಗೆ ನಗು ಬರಲಿಲ್ಲ.

ಒಂದು ಸಲ ಅವನೇ ನನ್ನ ಕಡೆಗೆ ತಿರುಗಿಸಿ ಕೇಳಿದ: "ಮಾಮಾ, ನಿಮ್ಮ ಟೀಮಿನಾಗ ಕಟ್‌ಆಫ್ ಐತೇನ್ರಿ?" ಅವನಿಗೆ ನನ್ನ ಕೆಲಸದ ಹೊತ್ತು ಗೊತ್ತು. ರಿಲೀಸ್ ವಾರದಲ್ಲಿ ನನ್ನ ಫೋನು ಊಟದ ತಟ್ಟೆಯ ಪಕ್ಕದಲ್ಲೇ ಇರುತ್ತದೆ. ಮ್ಯಾನೇಜರ್ ಎಂಬವನೂ ನಡುವೆ ಕೂತ ಚಿಪ್ಪೇ. ಗ್ರಾಹಕನಿಗೆ 60 ವ್ಯಾಟ್ ಎಂದು ಮಾತು ಕೊಟ್ಟು, ದಣಿದ ಹುಡುಗರಿಂದ ಹೆಚ್ಚು ಆಂಪಿಯರ್ ಎಳೆಯುತ್ತಾನೆ. ಗ್ರಾಹಕನ ಪರದೆಯ ಮೇಲೆ ಎಲ್ಲವೂ ಹಸಿರು. ನಮ್ಮ ಮಹಡಿಯ ಮೆಟ್ಟಿಲ ಬಳಿ ಸೇದುವ ಹುಡುಗರ ಗುಂಪು ದೊಡ್ಡದಾಗುವುದು ಅದೇ ವಾರಗಳಲ್ಲಿ. ಆ ಪ್ರಶ್ನೆಯ ನಂತರ ನಮ್ಮ ತಂಡದಲ್ಲಿ ಒಂದು ನಿಯಮ ಬಂದಿದೆ: ಸತತ ಎರಡು ರಾತ್ರಿ ಯಾರೂ ಕೂರುವಂತಿಲ್ಲ, ಮೂರನೆಯ ದಿನ ದಿನಾಂಕ ಮುಂದೆ ಹೋಗುತ್ತದೆ. ದಿನಾಂಕ ಮುಂದೆ ಹೋದಾಗಲೆಲ್ಲ ನನಗೆ ಬೈಗುಳ ಬೀಳುತ್ತದೆ. ಎಂಟಾಣೆಯ ಫ್ಯೂಜು ಎಂದುಕೊಂಡು ಕೇಳಿಸಿಕೊಳ್ಳುತ್ತೇನೆ.

ಅಕ್ಕನಿಗೆ ವಿಷಯ ಗೊತ್ತಾಗಿ ಆರು ತಿಂಗಳಾಯಿತು. ವಾರಕ್ಕೊಮ್ಮೆ ಫೋನು ಮಾಡಿ, "ಬಿಟ್ಟಾನೇನೋ?" ಎಂದು ಕೇಳುತ್ತಾಳೆ. ಅವಳಿಗೆ ಚಿಪ್ಪು, ಕೊಳವೆ, ಓಮು ಯಾವುದೂ ಬೇಕಾಗಿಲ್ಲ. ಅವಳಿಗೆ ಬೇಕಾದ ಉತ್ತರ ನನ್ನ ಬಳಿಯೂ ಇಲ್ಲ. ಹುಡುಕುತ್ತಿದ್ದಾಗ ತಂಬಾಕು ಬಿಡುವವರಿಗಾಗಿ ಸರ್ಕಾರದ ಉಚಿತ ಸಹಾಯವಾಣಿ ಇರುವುದು ತಿಳಿಯಿತು: 1800 112 356. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಪುಣೆ, ಮುಂಬೈ, ಹೈದರಾಬಾದುಗಳಲ್ಲಿ ಮಕ್ಕಳನ್ನು ಓದಲು ಬಿಟ್ಟಿರುವ ಓದುಗರಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಪಮ್ಯಾನಿಗೆ ನಂಬರು ಕೊಟ್ಟು ಮೂರು ವಾರ ಕಳೆದರೂ ಅವನು ಮಾಡಿರಲಿಲ್ಲ. ಇಲ್ಲಿ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಅವನು ಜಾಣ. ಚಟದ ಮಾತು ಆ ಯಾವ ಭಾಷೆಯಲ್ಲೂ ಬಾಯಿಗೆ ಬರುವುದಿಲ್ಲ ಎಂದ. ಕನ್ನಡದವರಿದ್ದಾರಪ್ಪ ಎಂದೆ. ಹೋದ ಭಾನುವಾರ ಊಟವಾದ ಮೇಲೆ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡ. ಗಾಜಿನಾಚೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಇಪ್ಪತ್ತು ನಿಮಿಷ ಮಾತಾಡಿದ. ನನ್ನ ಹೆಂಡತಿ ಅವನ ಪಾಲಿನ ಮಜ್ಜಿಗೆಯನ್ನು ಮುಚ್ಚಿಟ್ಟಳು. ಒಳಗೆ ಬಂದವನನ್ನು ಏನಂದರು ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ: "ಮತ್ತ ಬುಧವಾರ ಮಾಡತಾರಂತ್ರಿ."